ಅವರು ಹೇಳ್ಯಾರ

ಹೊತ್ತು ಮೂಡುವ ಮೊದಲು ಕುಸುಮಬಾಯಿ ಮುಗಿಸುವ ಕೆಲಸಗಳು ಇವು. ಹಿತ್ತಲ ಬಾಗಿಲಿನ ಚಿಲಕವನ್ನು ಸಪ್ಪಳಾಗದಂತೆ ಸರಿಸುವುದು. ನಳ ಬರುವ ದಿನವಾದರೆ ಮೋಟರು ಹಚ್ಚಿ ಟಾಕಿ ತುಂಬಿಸುವುದು, ಇಲ್ಲದಿದ್ದರೆ ಉಳಿದ ನೀರನ್ನು ಸೋಸಿ ಕೊಡಗಳಿಗೆ ಹಂಚಿ ಹಾಕುವುದು. ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಎಳೆಯುವುದು. ಬಂಬದ ಕೆಳಗೆ ಕಟ್ಟಿಗೆ ಇಟ್ಟು ಮನೆಮಂದಿಯ ಸ್ನಾನಕ್ಕೆ ನೀರು ಕಾಯಿಸುವುದು. ತಾನು ಮೈತೊಳೆದುಕೊಂಡು ಎಡ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುವುದು. ಅದಾಗುವವರೆಗೆ ಬಾಯಿಗೆ ಗುಟುಕು ನೀರಿಲ್ಲ. ಭಾವ ಮನ್ಮಥಪ್ಪನ ಪೂಜೆಗೆ ಪತ್ರೆ, ಹೂವು, ಮಡಿಯ ಧೋತರ ಇಟ್ಟು ಬರುವುದು. ಜೋಳದ ಹಿಟ್ಟು ನಾದಿ, ಮನೆಗೆಷ್ಟು, ಕಾರ್ಖಾನೆಗೆ ಹೋಗುವ ಡಬ್ಬಿಗಳಿಗೆಷ್ಟು ಎಂದು ರೊಟ್ಟಿ ಬಡಿಯುವುದು. ಭಾವನಿಗೆ ಸಕ್ಕರೆ ಇಲ್ಲದ ಚಹಾ, ನೆಗೆಣ್ಣಿ ಮೀರಾಬಾಯಿಗೆ ಸಕ್ಕರೆ ಮುಂದಾದ ಚಹಾ. ಕಿಟಕಿಯಲ್ಲಿ ಬೆಳಕು ಬಂದ ಮೇಲೆ ಮೀರಾಬಾಯಿ ಎದ್ದು ಬರುತ್ತಾಳೆ. "ಇವತ್ತ ಲಗೂನ ಎದ್ದಿಯೇನ?" ಎಂದು ಕೇಳುತ್ತಾಳೆ. ದಿನಾಲೂ ಕೇಳುತ್ತಾಳೆ.

ಗಂಡ ನೀಲಕಂಠ ಹಾಸಿಗೆ ಹಿಡಿದ ವರ್ಷ ಇವೆಲ್ಲಕ್ಕಿಂತ ಮೊದಲು ಇನ್ನೊಂದು ಕೆಲಸ ಆಗಬೇಕಿತ್ತು. ಅವನ ಬಾಯಿ ಒರೆಸಿದ ಅರಿವೆಗಳನ್ನು ಯಾರೂ ಏಳುವುದರೊಳಗೆ ಒಗೆದು, ಯಾರ ಕಣ್ಣಿಗೂ ಬೀಳದ ಕಡೆ ಒಣಹಾಕಬೇಕಿತ್ತು.

ನೀಲಕಂಠ ಮಾತಿನ ಮನುಷ್ಯ. ಮಹಾರಾಷ್ಟ್ರದ ಗಡಿಯೂರು ಉಮರಗಾದ ಆಡತ್ ಬಜಾರಿನಲ್ಲಿ ತೊಗರಿಯ ಸವಾಲು ಕೂಗಲು ನಿಂತರೆ ಅವನ ದನಿ ಬಸ್‌ಸ್ಟ್ಯಾಂಡಿನವರೆಗೆ ಕೇಳುತ್ತದೆ ಎಂದು ಜನ ನಗುತ್ತಿದ್ದರು. ಆ ಬಾಯಿಯೊಳಗೆ ಸದಾ ಗುಟ್ಕಾ. ನಾಲಗೆಯ ಅಂಚಿಗೆ ಹುಣ್ಣಾಯಿತು. ಖಾರ ಹೆಚ್ಚಾಗಿ ಆದದ್ದು ಎಂದು ತಿಂಗಳುಗಟ್ಟಲೆ ಕುಸುಮಬಾಯಿಯ ಕೈರುಚಿಯ ಮೇಲೆ ತಪ್ಪು ಹೊರಿಸಿದರು. ಕೊನೆಗೆ ಸೋಲಾಪುರದ ದವಾಖಾನೆಯಲ್ಲಿ ನಾಲಗೆಯನ್ನೇ ತೆಗೆದರು. ಮಾತು ಹೋಯಿತು. ಊಟ ಮೂಗಿನ ನಳಿಗೆಯಿಂದ. ಜೊಲ್ಲು ಮಾತ್ರ ನಿಲ್ಲಲಿಲ್ಲ. ಹೈಸ್ಕೂಲಿಗೆ ಹೋಗುತ್ತಿದ್ದ ಮಗಳು ಪ್ರಾಜಕ್ತಾಳನ್ನು ಇದನ್ನೆಲ್ಲ ನೋಡಬಾರದೆಂದು ನಿಲಂಗಾದ ತವರಿಗೆ ಕಳಿಸಿದರು. ಕೋಣೆಯಲ್ಲಿ ಉಳಿದವರು ಗಂಡ ಹೆಂಡತಿ ಇಬ್ಬರೇ.

ಅವನಿಗೆ ನೋವಿಗಿಂತ ನಾಚಿಕೆ ದೊಡ್ಡದಾಗಿತ್ತು. ಅಂಗಳದ ಹಗ್ಗದ ಮೇಲೆ ತನ್ನ ಅರಿವೆ ಕಂಡರೆ ಗೋಡೆಯ ಕಡೆ ಹೊರಳುತ್ತಿದ್ದ. ಲಿಂಗಪೂಜೆ ಬಿಡಲು ಒಪ್ಪಲಿಲ್ಲ. ಕೈ ನಡುಗುತ್ತಿದ್ದುದರಿಂದ ಅವಳು ಕೆಳಗೆ ತನ್ನ ಅಂಗೈ ಕೊಟ್ಟು ಅವನ ಅಂಗೈ ಹಿಡಿಯುತ್ತಿದ್ದಳು. ವಿಭೂತಿ ಹಚ್ಚುವಷ್ಟರಲ್ಲಿ ಜೊಲ್ಲು ಲಿಂಗದ ಮೇಲೆ ಬೀಳುತ್ತಿತ್ತು. ಒಮ್ಮೆ ಎಂಜಲಾದ ಅರಿವೆಯನ್ನು ಮತ್ತೆ ಲಿಂಗದ ಹತ್ತಿರ ತರುವಂತಿಲ್ಲ. ಪ್ರತಿಸಲ ಹೊಸದು ಬೇಕು. ಅಷ್ಟು ಅರಿವೆ ಎಲ್ಲಿಂದ ತರುವುದು, ಎಷ್ಟೆಂದು ಒಗೆಯುವುದು?

ಮನೆಯದೇ ಕಾಗದದ ಕಾರ್ಖಾನೆ ಇತ್ತು. ಮುರುಮ ರಸ್ತೆಯಲ್ಲಿ ಅಣ್ಣತಮ್ಮ ಸೇರಿ ಹಾಕಿದ್ದು. ಕಬ್ಬಿನ ಸಿಪ್ಪೆಯನ್ನು ಬೇಯಿಸಿ ಅರೆದ ಮುದ್ದೆಗೆ ಅಲ್ಲಿ ಲಗದಾ ಅನ್ನುತ್ತಾರೆ. ಆ ಲಗದಾವನ್ನು ನೀರಿನಲ್ಲಿ ತೇಲಿಸಿ ತೆಳ್ಳಗೆ ಎತ್ತಿ, ಕಾದ ಡ್ರಮ್ಮಿಗೆ ಒತ್ತಿ ಒಣಗಿಸಿದರೆ ಹೋಟೆಲುಗಳಲ್ಲಿ ಕೈ ಒರೆಸುವ ಕಾಗದ. ಅದು ನೀಲಕಂಠನ ಬಾಯಿ ಒರೆಸಲು ಬರಲಿಲ್ಲ. ಹಸಿಯಾದೊಡನೆ ಹರಿದು, ಹುಣ್ಣಿಗೆ ಅಂಟಿ, ಬಿಡಿಸಲು ಹೋದರೆ ರಕ್ತ ಬರುತ್ತಿತ್ತು.

ಕಾರ್ಖಾನೆಗೆ ಡಬ್ಬಿ ಒಯ್ದ ಒಂದು ದಿನ, ಡ್ರಮ್ಮಿಗೆ ಸಿಗದೆ ಜಾರಿ ಬಿದ್ದ ಒಂದು ಹಾಳೆಯ ತುಂಡು ಕುಸುಮಬಾಯಿಯ ಕಣ್ಣಿಗೆ ಬಿತ್ತು. ತಟ್ಟಿನ ಚೀಲದ ಮೇಲೆ ಒಣಗಿ, ಉಬ್ಬಿ, ಮೆತ್ತಗಾಗಿತ್ತು. ಅಲ್ಲಿ ಕೆಲಸಕ್ಕಿದ್ದ ಪ್ರಯಾಗಬಾಯಿ ಅವಳಿಗಾಗಿ ಒಂದು ಡಬ್ಬಿ ಲಗದಾ ತೆಗೆದಿಟ್ಟಳು. ಕುಸುಮಬಾಯಿ ಮನೆಯಲ್ಲಿ ಬಾಜು ಎಂಬ ಹಗ್ಗದ ಮಂಚವನ್ನು ತಲೆಕೆಳಗು ಮಾಡಿ ಅದರ ನಾಲ್ಕು ಕಾಲಿಗೆ ಗಂಡನ ಸೊಳ್ಳೆಪರದೆ ಕಟ್ಟಿದಳು. ಲಗದಾವನ್ನು ನೀರಿಗೆ ಕಲಸಿ ಪರದೆಯ ಮೇಲೆ ತೆಳ್ಳಗೆ ಹೊಯ್ದು, ಕೆಳಗೆ ಟೇಬಲ್ ಫ್ಯಾನು ಮಲಗಿಸಿದಳು. ಪರದೆಯನ್ನು ಬಿಗಿಯಾಗಿ ಕಟ್ಟಿದರೆ ಹಾಳೆ ಹಪ್ಪಳದಂತೆ ಬಂತು. ಸಡಿಲ ಬಿಟ್ಟರೆ ಹಾಳೆ ಜೋತು, ಸಣ್ಣ ಸಣ್ಣ ನಿರಿಗೆಯಾಗಿ ಉಬ್ಬಿತು. ಎಷ್ಟೋ ಹಾಳಾದವು. ರೊಟ್ಟಿ ಬಡಿಯುವ ನಡುವೆ, ಮೀರಾಬಾಯಿ ಗುಡಿಗೆ ಹೋದ ಹೊತ್ತಿನಲ್ಲಿ, ಗಂಡನಿಗೆ ಜೋಂಪು ಹತ್ತಿದಾಗ ಎದ್ದು ಹೋಗಿ ನೋಡುತ್ತಿದ್ದಳು.

ಸರಿಬಂದ ಮೊದಲನೆಯದನ್ನು ಅವನ ಬಾಯಿಗೆ ಹಿಡಿದಳು. ಹರಿಯಲಿಲ್ಲ, ಅಂಟಲಿಲ್ಲ, ಜೊಲ್ಲನ್ನು ಕುಡಿಯಿತು. ಎರಡನೆಯದನ್ನು ಅವನು ಕೈಗೆ ಇಸಿದುಕೊಂಡ. ಮುಷ್ಟಿಯಲ್ಲಿ ಹಿಚುಕಿ ಬಿಟ್ಟ. ಅದು ಮೆಲ್ಲಗೆ ಮತ್ತೆ ಎದ್ದಿತು. ಮತ್ತೆ ಹಿಚುಕಿದ. ಚಿಕ್ಕ ಹುಡುಗನ ಹಾಗೆ ಎಷ್ಟೋ ಹೊತ್ತು ಅದನ್ನೇ ಮಾಡಿದ. ಆ ವರ್ಷ ಅವನು ನಕ್ಕದ್ದನ್ನು ಅವಳು ನೋಡಿದ್ದು ಅದೊಂದೇ ಸಲ.

ಬಾಜಿನ ಮೇಲೆ ಎಷ್ಟು ಹಾಳೆ ಆದೀತು? ಅವಳು ಕಾರ್ಖಾನೆಯ ಫಿಟ್ಟರ್ ಕಲ್ಯಾಣಪ್ಪನ ಹತ್ತಿರ ಹೋದಳು. ಡ್ರಮ್ಮಿಗೆ ಒತ್ತಬೇಡ, ಒರಟು ನೇಯ್ಗೆಯ ಬಟ್ಟೆಯ ಪಟ್ಟಾ ಹಾಕು, ಅದು ಹಾಳೆ ತಂದುಕೊಡುವ ಪಟ್ಟಾಕ್ಕಿಂತ ಮೆಲ್ಲಗೆ ತಿರುಗಲಿ, ಹಾಳೆ ಅದರ ಮೇಲೆ ಸಡಿಲ ಬೀಳಲಿ, ಬಿಸಿಗಾಳಿ ಕೆಳಗಿನಿಂದ ಬರಲಿ ಎಂದಳು.

ಕಲ್ಯಾಣಪ್ಪ ಹಲ್ಲುಕಡ್ಡಿ ಹಾಕಿಕೊಳ್ಳುತ್ತ, "ಬಾಯಾರ, ಮಶೀನ ನಿಂದ್ರಸಿದ್ರ ಮಾಲಕ್ರು ನನ್ನ ನಿಂದ್ರಸ್ತಾರ. ಅಡಗಿ ಮನಿ ಏನಿದು, ಇವತ್ತ ಉಪ್ಪಿಟ್ಟ ನಾಳಿ ಸಜ್ಜಗ ಅನ್ಲಾಕ?" ಎಂದ.

"ಅವರು ಹೇಳ್ಯಾರ," ಎಂದಳು ಕುಸುಮಬಾಯಿ.

"ನೀಲಕಂಠಣ್ಣಾರು ಹೇಳ್ಯಾರಾ?" ಕಲ್ಯಾಣಪ್ಪ ಕಡ್ಡಿ ಎಸೆದು ಎದ್ದ. "ಮತ್ತ ಅದನ್ನ ಮೊದಲೇ ಹೇಳಬಾರದಾ!"

ಆಪರೇಶನ್ನಾದ ದಿನ ಸೋಲಾಪುರದ ವಾರ್ಡಿನ ಹೊರಗೆ ಕೂತು ಅತ್ತವರಲ್ಲಿ ಕಲ್ಯಾಣಪ್ಪನೂ ಒಬ್ಬ. ಆದರೂ, ನಾಲಗೆಯಿಲ್ಲದ ಮನುಷ್ಯ ಇಷ್ಟುದ್ದ ಹೇಗೆ ಹೇಳಿದ ಎಂದು ಅವನು ಕೇಳಲಿಲ್ಲ. ಯಾರೂ ಕೇಳಲಿಲ್ಲ. ಕುಸುಮಬಾಯಿಗೂ ತಾನು ಸುಳ್ಳಾಡಿದೆ ಅನ್ನಿಸಲಿಲ್ಲ. ಈ ಮನೆಗೆ ಬಂದಾಗಿನಿಂದ ಅವಳು ಹಾಗೇ ಮಾತಾಡಿದ್ದು. ಮಗಳಿಗೆ ಸೈಕಲ್ಲು ಬೇಕಾದಾಗ, ಸೋರುವ ಅಡುಗೆಮನೆಗೆ ತಗಡು ಹೊದಿಸಬೇಕಾದಾಗ, ತವರಿನಲ್ಲಿ ಇನ್ನೊಂದು ದಿನ ಉಳಿಯಬೇಕಾದಾಗ, ಅವರು ಹೇಳ್ಯಾರ ಅಂದರೆ ಕೆಲಸ ಆಗುತ್ತಿತ್ತು. ಹಾಗೆ ಅನ್ನದೆ ಯಾವ ಕೆಲಸವೂ ಆದದ್ದು ಅವಳಿಗೆ ನೆನಪಿಲ್ಲ.

ಮಶೀನು ಒಂದೇಟಿಗೆ ಒಗ್ಗಲಿಲ್ಲ. ಪಟ್ಟಾ ಬದಲಿಸಿದರು, ಗಾಳಿ ತಗ್ಗಿಸಿದರು, ಹಾಳೆ ಹರಿಯಿತು, ಮತ್ತೆ ಬದಲಿಸಿದರು. ಪ್ರತಿಸಲವೂ ಅವರು ಹೇಳ್ಯಾರ. ಉಬ್ಬಿದ ಕಾಗದದ ಮೊದಲ ಸುರುಳಿ ಸರಿಯಾಗಿ ಹೊರಬಂದ ಹೊತ್ತಿಗೆ ನೀಲಕಂಠ ತೀರಿಕೊಂಡಿದ್ದ.

ಆ ಕಾಗದ ಓಡಿತು. ಲಾತೂರು, ಸೋಲಾಪುರ, ಕಲಬುರಗಿಯ ದವಾಖಾನೆಗಳು ಕೇಳಿ ತರಿಸಿಕೊಂಡವು. ಪೇಟೆಂಟ್ ಮಾಡಿಸಿ ಎಂದು ಯಾರೋ ಅಂದರು. ಅಷ್ಟರಲ್ಲಿ ಮೊದಲ ಪುಣ್ಯತಿಥಿ ಬಂದಿತ್ತು. ಮನ್ಮಥಪ್ಪ ತಮ್ಮನ ಹೆಸರು ಕೊರೆಸಿದ ಸ್ಟೀಲ್ ತಾಟುಗಳನ್ನು ಬಂಧುಬಳಗಕ್ಕೆಲ್ಲ ಹಂಚಿದ. ಮಠದ ಮೆಟ್ಟಿಲಿಗೆ ಅವನ ಹೆಸರಿನ ಕಲ್ಲು ಹಾಕಿಸಿದ. ಅದೇ ವಾರ ಪೇಟೆಂಟಿನ ಅರ್ಜಿಯಲ್ಲಿ ಕಂಡುಹಿಡಿದವರು ಯಾರು ಎಂದು ಕೇಳಿದಾಗ, ತಾಟಿಗೆ ಕೊರೆಸಿದ ಹಾಗೆಯೇ, ಕೈಲಾಸವಾಸಿ ನೀಲಕಂಠ ಎಂದು ಬರೆಸಿದ. ಬರೆಸಿ ಕಣ್ಣು ಒರೆಸಿಕೊಂಡ. ಸತ್ತವರ ಹೆಸರು ಎಲ್ಲಿ ಹಾಕಿದರೂ ಪುಣ್ಯವೇ ಎಂದು ತಿಳಿದಿದ್ದ ಮನುಷ್ಯ, ಅವನಲ್ಲಿ ಮೋಸವಿರಲಿಲ್ಲ. ಯಾರು ಮಾಡಿದ್ದು ಎಂದು ಮನೆಯೊಳಗೆ ಕೇಳುವುದೂ ಒಂದು ಇರುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ, ಅಷ್ಟೆ.

ವರ್ಷಗಳು ಹೋದವು. ಪ್ರಾಜಕ್ತಾ ಉದಗೀರದ ಹಾಸ್ಟೆಲಿನಲ್ಲಿದ್ದುಕೊಂಡು ಫಾರ್ಮಸಿ ಓದತೊಡಗಿದಳು. ಆಗ ಪುಣೆಯ ಒಂದು ದೊಡ್ಡ ಕಂಪನಿ ಅದೇ ಉಬ್ಬಿದ ಕಾಗದವನ್ನು ಬಣ್ಣದ ಪ್ಯಾಕೆಟ್ಟಿನಲ್ಲಿ ಮಾರಲು ಸುರು ಮಾಡಿತು. ಮನ್ಮಥಪ್ಪ ದಾವೆ ಹಾಕಿದ. ಕಂಪನಿಯ ವಕೀಲರು ಮಶೀನಿನ ಸುದ್ದಿಗೇ ಹೋಗಲಿಲ್ಲ. ಇದನ್ನು ಕಂಡುಹಿಡಿದನೆನ್ನುವ ಮನುಷ್ಯ ಆ ವರ್ಷ ಹಾಸಿಗೆಯಲ್ಲಿದ್ದ, ಅರ್ಜಿಯಲ್ಲಿ ಬರೆದದ್ದೇ ಸುಳ್ಳು, ಪೇಟೆಂಟ್ ರದ್ದು ಮಾಡಿ ಎಂದರು.

ಮನ್ಮಥಪ್ಪ ಹಿಡಿದ ಲಾತೂರಿನ ವಕೀಲ ನಿಲೇಶ ಒಂದು ಸಂಜೆ ಮನೆಗೆ ಬಂದ. ಚಿಕ್ಕ ವಯಸ್ಸು, ಮಾತಿಗೆ ಮೊದಲೇ ನಗು. ಕುಸುಮಬಾಯಿಯನ್ನು ಎದುರಿಗೆ ಕುರ್ಚಿಯ ಮೇಲೆ ಕೂರಿಸಿದ. ಆ ಕುರ್ಚಿಯ ಮೇಲೆ ಭಾವನ ಎದುರು ಅವಳು ಕೂತದ್ದು ಅದೇ ಮೊದಲು.

"ಕಾಕೂ, ಹೆದರಬ್ಯಾಡ್ರಿ. ನಿಮ್ಮದೊಂದು ಪ್ರತಿಜ್ಞಾಪತ್ರ ಬೇಕು. ಕಾಕಾ ಆ ವರ್ಷ ದೀಪಾವಳಿ ತನಕ ಹುಷಾರಿದ್ರು, ದಿನಾ ಕಾರ್ಖಾನಿಗಿ ಹೋಗ್ತಿದ್ರು ಅಂತ. ಹೆಂಡ್ತಿ ಮಾತಿಗಿ ಕೋರ್ಟಿನ್ಯಾಗ ಭಾಳ ತೂಕ ಅದ."

"ಕೋರ್ಟಿನ್ಯಾಗರೆ ಅದ ಅಲ್ಲಾ," ಎಂದಳು ಮೀರಾಬಾಯಿ ಒಳಗಿನಿಂದ ಚಹಾ ತರುತ್ತ. ಮಾಡಿದವಳು ಕುಸುಮಬಾಯಿ, ತರುವವಳು ಮೀರಾಬಾಯಿ.

ನಿಲೇಶ ಮರಾಠಿಯಲ್ಲಿ ಟೈಪಾದ ಕಾಗದ ಓದಿದ. ನಡುವೆ ಒಂದು ಸಾಲು: ನನ್ನ ಪತಿಯವರು ಊಟಕ್ಕೆ ಕುಳಿತಾಗ ಈ ಪದ್ಧತಿಯನ್ನು ನನಗೆ ವಿವರವಾಗಿ ಹೇಳುತ್ತಿದ್ದರು.

"ಅದನ್ನ ಇನ್ನೊಮ್ಮೆ ಓದ್ರಿ," ಎಂದಳು.

ಅವನು ಓದಿದ. ಕಾಕೂ ಬಾಯಿಪಾಠ ಮಾಡಿಕೊಳ್ಳುತ್ತಿದ್ದಾಳೆ ಎಂದು ಖುಷಿಯಾಗಿ ಮತ್ತೊಮ್ಮೆಯೂ ಓದಿದ. ಕುಸುಮಬಾಯಿ ಕೇಳುತ್ತಿದ್ದುದು ಬೇರೆ. ಆ ಸಾಲಿನೊಳಗೆ ನೀಲಕಂಠ ತಾಟಿನ ಮುಂದೆ ಕೂತಿದ್ದ. ರೊಟ್ಟಿ ಮುರಿಯುತ್ತಿದ್ದ. ಬಾಯಿತುಂಬ ತುತ್ತು ಇಟ್ಟುಕೊಂಡೇ ಮಾತಾಡುತ್ತಿದ್ದ; ಆ ಚಾಳಿ ಅವನಿಗೆ ಇತ್ತು. ಒಂದು ಸಹಿ ಹಾಕಿದರೆ ಆ ವರ್ಷ ಅವನು ಉಂಡ, ಮಾತಾಡಿದ ಎಂದಾಗುತ್ತಿತ್ತು. ಸರಕಾರದ ಮುದ್ರೆ ಬಿದ್ದು ಹಾಗೇ ಉಳಿಯುತ್ತಿತ್ತು. ಅವಳಿಗೆ ಸಹಿ ಹಾಕಬೇಕೆಂಬ ಆಸೆ ಎಷ್ಟು ಜೋರಾಗಿ ಬಂತೆಂದರೆ, ಸೆರಗಿನೊಳಗೆ ಎರಡೂ ಕೈ ಬಿಗಿಹಿಡಿದು ಕೂತಳು.

"ಮತ್ತ ಅವರ ಬ್ಯಾನಿ?" ಎಂದಳು.

"ಅದು ದೀಪಾವಳಿ ಆದಮ್ಯಾಲ ಆತು ಅಂತ ಬರ್ದೀನಿ."

"ನಾಲಿಗಿ ತೆಗದಿದ್ದು ಅದಕ್ಕಿಂತ ಭಾಳ ಮೊದಲ. ಅವರು ಅದನ್ನ ಮಾಡಿಲ್ಲರೀ. ನಾ ಮಾಡೀನಿ. ಬಾಯಿ ಒರಸ್ಲಾಕ."

ಮನ್ಮಥಪ್ಪ ಅವಳ ಕಡೆ ನೋಡದೆ ನೆಲ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಮನೆಯ ಗೋಡೆಯಲ್ಲಿ ಇಷ್ಟು ದಿನ ಕಾಣದ ಬಾಗಿಲೊಂದು ಕಂಡವನಂತಿದ್ದ.

ನಿಲೇಶ ನಗು ಒಳಗೆಳೆದುಕೊಂಡ. "ಆಗ ಹೇಳಿದ್ರ ನಿಮ್ಮ ಹೆಸರೇ ಹಾಕ್ತಿದ್ರು ಕಾಕೂ. ಈಗ ಹೇಳಿದ್ರ, ನೋಡ್ರಿ ಇವ್ರೇ ಒಪ್ಪಿಕೊಂಡಾರ, ಅರ್ಜಿ ಸುಳ್ಳು ಅಂತ ಕಂಪನಿಯವ್ರು ಕುಣೀತಾರ. ಪೇಟೆಂಟ ಹೋತು. ಕಂಪನಿ ಮಾಲಿನ ಮುಂದ ನಮ್ಮ ಕಾರ್ಖಾನಿ ಎಷ್ಟ ದಿನ ನಿಂತೀತು?"

"ಕುಸುಮವ್ವಾ," ಮನ್ಮಥಪ್ಪ ಮೆಲ್ಲಗೆ ಅಂದ, "ನೀ ಆಗ ಯಾಕ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಭಾವಾರ."

ಮೀರಾಬಾಯಿ ಕಪ್-ಬಸಿಗಳನ್ನು ಎತ್ತಿಕೊಳ್ಳುತ್ತ, "ಜೊಲ್ಲಿನ ಮಾತು ಕೋರ್ಟಿನ್ಯಾಗ ಆಡತಾರೇನ? ಹೋದವ್ರ ಮಾನ ನೋಡಬೇಕೋ ಬ್ಯಾಡೋ?" ಎಂದಳು. ಆ ವರ್ಷ ಆ ಕೋಣೆಯ ಹೊಸ್ತಿಲು ದಾಟಿ ಬಾರದವಳು ಅವಳು. ಆದರೂ ಮಾತು ಕುಸುಮಬಾಯಿಗೆ ನಟ್ಟಿತು. ಗೋಡೆಯ ಕಡೆ ಹೊರಳುತ್ತಿದ್ದ ಮುಖ ನೆನಪಾಯಿತು. ಅಂಗಳದ ಹಗ್ಗದ ಮೇಲೆ ಅರಿವೆಯೂ ಬೇಡವಾಗಿದ್ದವನ ಬಾಯಿಯನ್ನು ಊರೆದುರು ತೆರೆದು ತೋರಿಸುವುದೇ?

ಮರುದಿನ ಡಬ್ಬಿ ಒಯ್ದ ಕುಸುಮಬಾಯಿ ಕಾರ್ಖಾನೆಯಲ್ಲಿ ಪ್ಯಾಕಿಂಗಿನವರ ಜೊತೆ ಕೂತಾಗ ಪ್ರಯಾಗಬಾಯಿ ಮಗ್ಗುಲಿಗೆ ಬಂದು ಕೂತಳು. ಸುದ್ದಿ ಆಗಲೇ ಮುಟ್ಟಿತ್ತು.

"ನಿಮ್ಮ ಸಹಿಗಿ ಇಷ್ಟ ಕಿಮ್ಮತ್ತ ಅದ ಅಂತ ಗೊತ್ತಿದ್ರ, ನನ್ನ ಗಂಡನ್ನ ಬಿಟ್ಟ ಕಾಗದಕ್ಕ ನಿಮ್ಮ ಕಡಿಂದೇ ಹಾಕಸ್ಕೊಂತಿದ್ನಿ ನೋಡ್ರಿ," ಎಂದು ಮೊಣಕೈಯಿಂದ ತಿವಿದಳು. ಪ್ಯಾಕಿಂಗಿನ ಹೆಂಗಸರೆಲ್ಲ ನಕ್ಕರು. ಕುಸುಮಬಾಯಿಗೂ ನಗು ಬಂತು. ಆಮೇಲೆ ಪ್ರಯಾಗಬಾಯಿ ದನಿ ತಗ್ಗಿಸಿದಳು. "ಲಗದಾ ಡಬ್ಬಿ ತುಂಬಿಕೊಟ್ಟಾಕಿ ನಾ. ನನಗ ಗೊತ್ತಿಲ್ಲೇನು? ಆದ್ರ ನಾ ಬಾಯಿ ಬಿಡಲ್ಲ ಬಾಯಾರ. ಇದು ಮುಚ್ಚಿದ್ರ ನಾವೆಲ್ಲ ಮತ್ತ ಕಬ್ಬ ಕಡೀಲಾಕ ಹೋಗಬೇಕ್ರಿ. ನನ್ನ ಟೊಂಕ ಈಗ ಆ ಕೆಲಸದ್ದಲ್ಲ."

ಹೇಳುವುದನ್ನು ಹೇಳಿ ಅವಳು ತನ್ನ ಪ್ಯಾಕೆಟ್ಟುಗಳನ್ನು ಜೋಡಿಸತೊಡಗಿದಳು. ಬೇಡಿಕೊಳ್ಳಲಿಲ್ಲ. ಬೇಡಿಕೊಂಡಿದ್ದರೆ ಕುಸುಮಬಾಯಿಗೆ ಹಗುರಾಗುತ್ತಿತ್ತು.

ಸಂಜೆ ಪ್ರಾಜಕ್ತಾಳ ಫೋನು ಬಂತು. "ಆಯಿ, ದೊಡ್ಡಪ್ಪ ಫೋನ ಮಾಡಿದ್ರು. ಸಹಿ ಮಾಡ್ತಿ ಅಲ್ಲಾ? ನಮ್ಮ ಕಾಲೇಜಿನ್ಯಾಗ ಎಲ್ಲಾರಿಗೂ ತೋರ್ಸೀನಿ, ಪಪ್ಪಾನ ಪೇಟೆಂಟ ಅಂತ. ಸರ್‌ಗೋಳು ಸುದ್ದಾ ಕೇಳ್ತಾರ."

ಕುಸುಮಬಾಯಿ ಒಲೆಯ ಉರಿ ತಗ್ಗಿಸಿದಳು. ಆಮೇಲೆ, "ಪಪ್ಪಾನ ದನಿ ನೆನಪದ ಏನು ನಿನಗ?" ಎಂದು ಕೇಳಿದಳು.

ಆ ಕಡೆ ಹಾಸ್ಟೆಲಿನ ಹುಡುಗಿಯರ ಗದ್ದಲ. ಪ್ರಾಜಕ್ತಾ ಅದರಿಂದ ದೂರ ಸರಿದಂತಾಯಿತು. "ಖರೆ ಹೇಳ್ಲೇನ ಆಯಿ? ಇಲ್ಲ. ಮಾರಿ ನೆನಪದ. ದನಿ ಇಲ್ಲ. ನನ್ನ ನಿಲಂಗಾಕ್ಕ ಕಳಸಿಬಿಟ್ರಿ. ಯಾರೂ ಏನೂ ಹೇಳ್ಲಿಲ್ಲ. ಒಮ್ಮಿ ಕೇಳಿದ್ರ, ಪಪ್ಪಾ ಹುಷಾರಾಗ್ಯಾನ ಅಂದ್ರು. ಬಂದು ನೋಡಿದ್ರ ಮಣ್ಣಿಗಿ ತಯಾರಿ ನಡದಿತ್ತು."

"ಕೋಣ್ಯಾಗ ಏನಾತಂತ ಗೊತ್ತದ ಏನು?"

"ನೀ ಯಾವತ್ತರೆ ಹೇಳಿದಿ ಏನು?"

ಕುಸುಮಬಾಯಿ ಫೋನಿಟ್ಟಳು. ಒಲೆಯ ಮುಂದೆ ಹೋಗಿ ಕೂತಳು. ಮಗಳಿಗೆ ಒಂದು ಸಲ ಹುಷಾರಾಗ್ಯಾನ ಎಂದು ಹೇಳಿಯಾಗಿತ್ತು. ಈಗ ಕಾಗದದ ಮೇಲೆ ಅದನ್ನೇ ಎರಡನೆಯ ಸಲ ಹೇಳಬೇಕಿತ್ತು. ಆ ವರ್ಷ ಅವನು ಹುಷಾರಿದ್ದನೆಂದು ಪ್ರಮಾಣ ಮಾಡಿದರೆ, ನಡುಗುವ ಅಂಗೈಯ ಕೆಳಗೆ ತನ್ನ ಅಂಗೈ ಇಟ್ಟವಳು ಯಾರೂ ಇರಲಿಲ್ಲ ಎಂದಾಗುತ್ತಿತ್ತು. ಅರಿವೆಗಳು ಇರಲಿಲ್ಲ. ಕಾಗದವನ್ನು ಹಿಚುಕಿ ಬಿಟ್ಟು ನಕ್ಕ ಮನುಷ್ಯನೂ ಇರಲಿಲ್ಲ. ಇದ್ದದ್ದು ತಾಟಿನ ಮುಂದೆ ಕೂತು ಭಾಷಣ ಮಾಡುವ ಯಾರೋ ಒಬ್ಬ. ಅವಳಿಗೆ ತನ್ನ ಹೆಸರು ಎಲ್ಲಿಯಾದರೂ ಬರಬೇಕೆಂದು ಅಷ್ಟಾಗಿ ಅನ್ನಿಸಿರಲಿಲ್ಲ. ಆ ವರ್ಷ ಮಾತ್ರ ಬೇಕಾಗಿತ್ತು. ಗಂಡನೊಂದಿಗೆ ಬೇರೆ ಯಾರ ಸಲುವಾಗಿಯೂ ಅಲ್ಲದೆ ಬದುಕಿದ ವರ್ಷ ಅವಳ ಪಾಲಿಗೆ ಅದೊಂದೇ.

ಸೋಮವಾರ ಮನ್ಮಥಪ್ಪ ಅವಳನ್ನು ತಹಸೀಲಿನ ಆವರಣಕ್ಕೆ ಕರೆದುಕೊಂಡು ಹೋದ. ಬೇವಿನ ಗಿಡದ ಕೆಳಗೆ ತಗಡಿನ ಖೋಲಿ. ಒಳಗೆ ನೋಟರಿ ಮಹಾದೇವಪ್ಪ, ಹಣೆತುಂಬ ವಿಭೂತಿಯ ವಯಸ್ಸಾದ ಮನುಷ್ಯ. ಆಧಾರ್ ಕಾರ್ಡಿನ ಜೆರಾಕ್ಸ್ ಬೇಕೆಂದ. ಮನ್ಮಥಪ್ಪ ಅವಳ ಮುಖ ನೋಡಿ, "ನಿನ್ನ ಮ್ಯಾಲ ಅದ ನೋಡವ್ವಾ," ಎಂದ. ಜೆರಾಕ್ಸಿಗೆ ಹೊರಗೆ ಹೋದ. ಅಲ್ಲಿ ಪಾಳಿ ಉದ್ದ ಇತ್ತು.

ಮಹಾದೇವಪ್ಪ ಕಾಗದವನ್ನು ಅವಳ ಕಡೆ ತಿರುಗಿಸಿಟ್ಟ. "ಓದಲಾಕ ಬರತದಲ್ಲ? ಮರಾಠಿ ಸಾಲಿ ಕಲಿತಿರಬೇಕು. ಓದಿ ಸಹಿ ಮಾಡ್ರಿ. ಎಲ್ಲಾ ಖರೆ ಅದಲ್ಲಾ? ಕೇಳೋದು ನನ್ನ ಧರ್ಮ."

ಅವಳು ಓದಿದಳು. ಊಟಕ್ಕೆ ಕುಳಿತಾಗ ಎಂಬಲ್ಲಿಗೆ ಬಂದು ನಿಂತಳು. ಮುಂದಿನದನ್ನು ಓದಿ, ಮತ್ತೆ ಅಲ್ಲಿಗೇ ಬಂದಳು. ಬಾಗಿಲಾಚೆ ಪಾಳಿಯಲ್ಲಿ ಭಾವನ ಬಿಳಿ ಟೋಪಿ ಕಾಣುತ್ತಿತ್ತು. ಪ್ರಯಾಗಬಾಯಿ ಈ ಹೊತ್ತಿಗೆ ಟೊಂಕಕ್ಕೆ ಸೆರಗು ಬಿಗಿದು ಸುರುಳಿ ಎತ್ತುತ್ತಿರಬೇಕು. ಮಗಳು ಯಾರಿಗೋ ಫೋನು ತೆರೆದು ಅಪ್ಪನ ಹೆಸರು ತೋರಿಸುತ್ತಿರಬೇಕು.

"ಇದು ಖರೆ ಇಲ್ಲರೀ," ಎಂದಳು. "ಆ ವರ್ಷ ಅವರಿಗಿ ಊಟಾ ಇರ್ಲಿಲ್ಲ. ಮಾತ ಇರ್ಲಿಲ್ಲ."

ಮಹಾದೇವಪ್ಪ ಕನ್ನಡಕ ಹಣೆಗೇರಿಸಿ ಅವಳನ್ನು ನೋಡಿದ. ಬಾಗಿಲ ಕಡೆ ನೋಡಿದ. "ನಿಮ್ಮ ಭಾವಾರು ಬರಲಿ ತಡೀರಿ. ಈ ಸಾಲ ತೆಗದ್ರ ಈ ಕಾಗದ ಏನಕ್ಕೂ ಬರಂಗಿಲ್ಲವ್ವಾ. ದಾವೇ ಹೋದಂಗೇ."

"ಗೊತ್ತದ್ರಿ."

"ಒಮ್ಮಿ ಗೀಟ ಹೊಡದ್ರ ಮತ್ತ ಕೂಡಸ್ಲಾಕ ಬರಲ್ಲ."

"ಹೂಂ."

ಅವನು ಪೆನ್ನು ಕೊಡಲಿಲ್ಲ. ಅವಳು ಮೇಜಿನ ಮೇಲಿದ್ದುದನ್ನು ತಾನೇ ತೆಗೆದುಕೊಂಡಳು. ಫುಟ್‌ಪಟ್ಟಿಯನ್ನು ಅಕ್ಷರಗಳ ನಡುಮಟ್ಟಕ್ಕೆ ಸರಿಯಾಗಿ ಕೂಡಿಸಿ, ಊಟಕ್ಕೆ ಕುಳಿತಾಗ ಎಂಬಲ್ಲಿಂದ ಹೇಳುತ್ತಿದ್ದರು ಎಂಬಲ್ಲಿಯವರೆಗೆ ಒಂದು ಗೀಟು ಎಳೆದಳು. ದೀಪಾವಳಿ ತನಕ ಹುಷಾರಿದ್ದರು ಎಂಬುದರ ಮೇಲೆ ಇನ್ನೊಂದು. ಹೊಡೆದುಹಾಕಿದ್ದಕ್ಕೆ ಅಂಚಿನಲ್ಲಿ ಸಹಿ ಬೇಕಾಗುತ್ತದೆಂದು ಮಹಾದೇವಪ್ಪ ತೋರುಬೆರಳಿನಿಂದ ಜಾಗ ತೋರಿಸಿದ. ಅವಳು ಬಗ್ಗಿ, ಎರಡೂ ಗೀಟಿನ ಎದುರಿಗೆ, ತನ್ನ ಹೆಸರು ಬರೆದಳು.